ನಾಯಿಯ ಉಣ್ಣಿ ಜ್ವರ: ಬಾಯಿ ಹೇಳದ್ದನ್ನು ರಕ್ತ ಹೇಳುತ್ತದೆ



ಎತ್ತು ಮೇವು ಬಿಟ್ಟರೆ ನಾವು ಅದೇ ದಿನ ಪಶುವೈದ್ಯರನ್ನು ಕರೆಯುತ್ತೇವೆ. ಎಮ್ಮೆ ಒಂದು ಹೊತ್ತು ಹಾಲು ಕಡಿಮೆ ಕೊಟ್ಟರೆ ಮನೆಮಂದಿಗೆಲ್ಲ ಚಿಂತೆ ಹತ್ತುತ್ತದೆ. ಆದರೆ ಹೊಲ ಕಾಯುವ ನಾಯಿ ಎರಡು ದಿನ ರೊಟ್ಟಿ ಮುಟ್ಟದಿದ್ದರೆ ‘ತಾನೇ ನೆಟ್ಟಗಾಗುತ್ತದೆ ಬಿಡು’ ಎನ್ನುತ್ತೇವೆ. ಉಣ್ಣಿ ಜ್ವರದಲ್ಲಿ ನಾಯಿಯ ಪ್ರಾಣ ಹೋಗುವುದೂ ಉಳಿಯುವುದೂ ಬಹುಪಾಲು ಆ ಎರಡು ದಿನಗಳಲ್ಲಿಯೇ ನಿರ್ಧಾರವಾಗುತ್ತದೆ. ಈ ವಾರ ಆ ವಿಷಯವನ್ನು ತಮ್ಮ ಗಮನಕ್ಕೆ ತರಬಯಸುತ್ತೇನೆ.

ಮೊದಲು ನನ್ನದೇ ತಪ್ಪನ್ನು ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ಬೇಸಿಗೆಯಲ್ಲಿ ಮಣ್ಣಿನ ಮಾದರಿ ತೆಗೆಯಲು ಬಬಲೇಶ್ವರದ ಕಡೆಯ ಒಂದು ಹೊಲಕ್ಕೆ ಹೋಗಿದ್ದೆ. ಆ ಹೊಲದಲ್ಲಿ ಗೊಬ್ಬರಕ್ಕಾಗಿ ಕುರಿ ತರುಬಿದ್ದರು. ದಡ್ಡಿಯ ಪಕ್ಕದಲ್ಲಿ ಒಂದು ಕರಿಯ ನಾಯಿ ಮಲಗಿತ್ತು. ಹೊಸಬನಾದ ನಾನು ಹತ್ತಿರ ಹೋದರೂ ಅದು ಬೊಗಳಲಿಲ್ಲ, ತಲೆಯನ್ನೂ ಎತ್ತಲಿಲ್ಲ. ಕುರಿ ಕಾಯುವ ನಾಯಿ ಹೊಸಬರನ್ನು ಕಂಡು ಬೊಗಳದಿದ್ದರೆ ರೋಗಕ್ಕೆ ಬೇರೆ ಲಕ್ಷಣ ಬೇಕಿಲ್ಲ. ಅಂದು ನನಗೆ ಅದು ಹೊಳೆಯಲಿಲ್ಲ.

“ಸಾಹೇಬ್ರ, ನಿನ್ನಿಂದ ಹಿಂಗ ಬಿದ್ದೈತ್ರಿ. ರೊಟ್ಟಿ ಮುಟ್ಟವಲ್ದು” ಎಂದರು ಕುರಿಗಾರ ಹಿರಿಯರು.

“ಬಿಸಲಿಗೆ ಆಗಿರಬೇಕು ಕಾಕಾ. ನೆರಳಾಗ ಕಟ್ರಿ, ಮಜ್ಜಿಗಿ ಕುಡಸ್ರಿ” ಎಂದು ಹೇಳಿ ನಾನು ಮಣ್ಣಿನ ಚೀಲ ಕಟ್ಟಿಕೊಂಡು ಬಂದೆ.

ನಾಲ್ಕನೆಯ ದಿನ ನಾಯಿ ಸತ್ತಿತು. ಅದಾದ ಒಂದು ವಾರದೊಳಗೆ ತೋಳ ದಡ್ಡಿಗೆ ಬಂದು ಮೂರು ಮರಿಗಳನ್ನು ಒಯ್ದಿತು. ಮುಂದೆ ಸಂತೆಯಲ್ಲಿ ಸಿಕ್ಕಾಗ ಆ ಹಿರಿಯರು ಸಿಟ್ಟು ಮಾಡಲಿಲ್ಲ. “ಎಂಟ ವರ್ಷ ತೋಳಾ ಕಾಯ್ದ ನಾಯಿರಿ ಅದು. ನನಗೂ ಗೊತ್ತಾಗಲಿಲ್ಲ, ನಿಮಗೂ ಗೊತ್ತಾಗಲಿಲ್ಲ” ಎಂದಷ್ಟೇ ಅಂದರು. ನಾನು ಕೃಷಿ ಪದವೀಧರನೇ ಹೊರತು ಪಶುವೈದ್ಯನಲ್ಲ. ಗೊತ್ತಿಲ್ಲದ್ದಕ್ಕೆ ‘ವೈದ್ಯರಿಗೆ ತೋರಿಸಿ’ ಎನ್ನುವುದೇ ಸರಿಯಾದ ಸಲಹೆ ಎಂಬುದನ್ನು ಆ ನಾಯಿಯಿಂದ ಕಲಿತೆ. ಆ ಮೇಲೆ ಪಶುವೈದ್ಯ ಮಿತ್ರರಲ್ಲಿ ಕೇಳಿ, ಓದಿ, ಕಣ್ಣಾರೆ ನೋಡಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಉಣ್ಣಿ ಜ್ವರ ಎಂದರೇನು?

ಉಣ್ಣಿ ಕಚ್ಚಿ ರಕ್ತ ಹೀರುವಾಗ ಅದರ ಜೊಲ್ಲಿನ ಮೂಲಕ ನಾಯಿಯ ಮೈಯೊಳಗೆ ಸೂಕ್ಷ್ಮ ಜೀವಿಗಳು ಸೇರುತ್ತವೆ. ನಮ್ಮ ಭಾಗದ ನಾಯಿಗಳಲ್ಲಿ ಮುಖ್ಯವಾಗಿ ಎರಡನ್ನು ತಿಳಿದುಕೊಂಡರೆ ಸಾಕು.

ಮೊದಲನೆಯದು ಬಬೇಸಿಯಾ. ಇದು ರಕ್ತದ ಕೆಂಪುಕಣದೊಳಗೆ ಹೊಕ್ಕು, ಅಲ್ಲಿಯೇ ಮರಿ ಮಾಡಿ, ಕಣವನ್ನು ಒಡೆದು ಹೊರಬೀಳುವ ಪರೋಪಜೀವಿ. ಜೋಳದ ಕಾಳಿನೊಳಗೆ ನುಸಿ ಸೇರಿ ಕಾಳನ್ನು ಪೊಳ್ಳು ಮಾಡಿ ಹೊರಬರುವುದನ್ನು ತಾವು ಕಂಡಿದ್ದೀರಿ. ಇದರ ಕೆಲಸವೂ ಹಾಗೆಯೇ.

ಎರಡನೆಯದು ಎರ್ಲಿಕಿಯಾ. ಇದು ಬ್ಯಾಕ್ಟೀರಿಯಾ ಜಾತಿಗೆ ಸೇರಿದ್ದು. ಬಿಳಿಕಣಗಳೊಳಗೆ ಅಡಗಿ ಕೂಡುತ್ತದೆ. ಒಂದೇ ಉಣ್ಣಿಯಿಂದ ಎರಡೂ ಬರಬಹುದಾದ್ದರಿಂದ ಒಂದೇ ನಾಯಿಯಲ್ಲಿ ಎರಡೂ ಸಿಗುವುದುಂಟು.

ಇದು ಹೊರದೇಶದಿಂದ ಬಂದ ಸಾಕುನಾಯಿಗಳ ರೋಗ, ನಮ್ಮ ನಾಟಿ ನಾಯಿಗೆ ಏನೂ ಆಗುವುದಿಲ್ಲ ಎಂಬ ನಂಬಿಕೆ ಕೆಲವರಲ್ಲಿದೆ. ಅದು ಸರಿಯಲ್ಲ. ಬಬೇಸಿಯಾಗಳಲ್ಲಿ ಗಾತ್ರದಲ್ಲಿ ಸಣ್ಣದಾದ, ಆದರೆ ಚಿಕಿತ್ಸೆಗೆ ಸುಲಭವಾಗಿ ಬಗ್ಗದ ‘ಬಬೇಸಿಯಾ ಗಿಬ್ಸೋನಿ’ ಎಂಬುದನ್ನು 1910ರಲ್ಲಿ ಪ್ಯಾಟನ್ ಎಂಬ ವಿಜ್ಞಾನಿ ಮೊದಲು ವಿವರಿಸಿದ್ದೇ ಮದರಾಸಿನ ಬೇಟೆನಾಯಿಗಳ ರಕ್ತದಲ್ಲಿ. ಆ ಮೇಲೆ ಅದನ್ನು ನರಿಯ ರಕ್ತದಲ್ಲಿಯೂ ಕಂಡರು. ಅಂದರೆ ಇದು ನೂರು ವರ್ಷಕ್ಕೂ ಹಿಂದಿನಿಂದ ನಮ್ಮ ದಕ್ಷಿಣ ಭಾರತದ ನೆಲದಲ್ಲಿಯೇ ಇರುವ ರೋಗ.

ಉಣ್ಣಿಯಿಂದ ರೋಗ ಹರಡುತ್ತದೆ ಎಂಬ ಸತ್ಯ ಹೊರಬಿದ್ದದ್ದು ದನಗಳ ರೋಗದಿಂದ. ರುಮೇನಿಯಾ ದೇಶದ ಬಬೇಶ್ ಎಂಬ ವೈದ್ಯ 1888ರಲ್ಲಿ ದನಗಳ ಕೆಂಪುಕಣಗಳಲ್ಲಿ ಈ ಜೀವಿಯನ್ನು ಕಂಡ. ಅವನ ಹೆಸರೇ ಅದಕ್ಕೆ ಉಳಿಯಿತು. ಅಮೆರಿಕದ ಥಿಯೋಬಾಲ್ಡ್ ಸ್ಮಿತ್ ಮತ್ತು ಕಿಲ್ಬೋರ್ನ್ 1893ರಲ್ಲಿ ದನಗಳ ಟೆಕ್ಸಾಸ್ ಜ್ವರ ಉಣ್ಣಿಯಿಂದ ಬರುತ್ತದೆಂದು ತೋರಿಸಿಕೊಟ್ಟರು. ಇನ್ನು ಎರ್ಲಿಕಿಯಾದ ಮಾತು: ವಿಯೆಟ್ನಾಂ ಯುದ್ಧದ ಕಾಲದಲ್ಲಿ, 1960ರ ದಶಕದ ಕೊನೆಯಲ್ಲಿ, ಅಮೆರಿಕದ ಸೈನ್ಯ ತನ್ನ ನೂರಕ್ಕೂ ಹೆಚ್ಚು ನಾಯಿಗಳನ್ನು ಇದಕ್ಕೆ ಕಳೆದುಕೊಂಡಿತು. ಸೈನ್ಯದ ನಾಯಿಗಳಿಗೇ ಹೀಗಾದರೆ ಹೊಲದ ನಾಯಿಯನ್ನು ನಾವು ಎಷ್ಟು ಎಚ್ಚರದಿಂದ ನೋಡಬೇಕು!

ಹೊರಗೆ ಕಾಣುವ ಲಕ್ಷಣಗಳು

ನಾಯಿ ಮಂಕಾಗುತ್ತದೆ, ಅನ್ನ ಬಿಡುತ್ತದೆ. ಜ್ವರ ಬರುತ್ತದೆ. ಆರೋಗ್ಯವಂತ ನಾಯಿಯ ಮೈಶಾಖ ಫ್ಯಾರನ್‌ಹೀಟ್ ಲೆಕ್ಕದಲ್ಲಿ 100ರಿಂದ 102.5 ಡಿಗ್ರಿ ಇರುತ್ತದೆ. 104ಕ್ಕೆ ಏರಿದರೆ ಅದು ಜ್ವರವೇ. ತುಟಿ ಎತ್ತಿ ನೋಡಿದರೆ ವಸಡು ಗುಲಾಬಿ ಬಣ್ಣ ಕಳೆದುಕೊಂಡು ಬಿಳುಚಿರುತ್ತದೆ, ಕೆಲವು ಸಲ ಹಳದಿಯಾಗಿರುತ್ತದೆ. ಮೂತ್ರ ಚಹಾದ ಬಣ್ಣಕ್ಕೆ ತಿರುಗಬಹುದು. ಎರ್ಲಿಕಿಯಾದಲ್ಲಿ ಮೂಗಿನಿಂದ ರಕ್ತ ಸುರಿಯುವುದು, ಹೊಟ್ಟೆಯ ಬೋಳು ಚರ್ಮದ ಮೇಲೆ ಕೆಂಪು ಚುಕ್ಕೆ ಏಳುವುದು ಉಂಟು.

ಒಂದು ಎಚ್ಚರಿಕೆ. ಮಂಕಾದ ನಾಯಿಯ ದವಡೆ ಜೋತುಬಿದ್ದು ಜೊಲ್ಲು ಸುರಿಯುತ್ತಿದ್ದರೆ, ಸ್ವಭಾವ ಬದಲಾಗಿದ್ದರೆ, ಅದರ ಬಾಯಿ ಮುಟ್ಟಬೇಡಿ. ಅದು ಹುಚ್ಚುನಾಯಿ ರೋಗವಿರಬಹುದು. ಕಟ್ಟಿಹಾಕಲು ಹೋಗದೆ ವೈದ್ಯರಿಗೆ ತಿಳಿಸಿ. ಕಚ್ಚಿದ್ದರೆ, ಜೊಲ್ಲು ಗಾಯಕ್ಕೆ ತಾಗಿದ್ದರೆ, ಕೂಡಲೇ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಸರಕಾರಿ ದವಾಖಾನೆಗೆ ಹೋಗಬೇಕು.

ಮೇಲೆ ಹೇಳಿದ ಲಕ್ಷಣಗಳೆಲ್ಲ ಒಂದೇ ಸಲ ಕಾಣುವುದಿಲ್ಲ. ಎರ್ಲಿಕಿಯಾ ಹೊಕ್ಕ ನಾಯಿ ಮೊದಲ ಜ್ವರ ಇಳಿದ ಮೇಲೆ ತಿಂಗಳುಗಟ್ಟಲೆ, ಒಮ್ಮೊಮ್ಮೆ ವರ್ಷಗಟ್ಟಲೆ, ಗಟ್ಟಿಮುಟ್ಟಾಗಿಯೇ ಓಡಾಡಿಕೊಂಡಿರುತ್ತದೆ. ಅದರೊಳಗೆ ರೋಗವಿದೆ ಎಂದು ಹೇಳುವುದು ರಕ್ತವೊಂದೇ.

ರಕ್ತದಲ್ಲಿ ನೋಡುವುದೇನು?

ವೈದ್ಯರು ಮೊದಲು ನಾಯಿಯ ಕಿವಿಯ ತುದಿಯನ್ನು ಸೂಜಿಯಿಂದ ಚುಚ್ಚಿ ಒಂದು ಹನಿ ರಕ್ತವನ್ನು ಗಾಜಿನ ಪಟ್ಟಿಯ ಮೇಲೆ ತೆಳ್ಳಗೆ ಎಳೆಯುತ್ತಾರೆ. ಕಿವಿತುದಿಯ ಕೂದಲೆಳೆಯಂಥ ನಾಳಗಳಲ್ಲಿ ಬಬೇಸಿಯಾ ಹೆಚ್ಚಾಗಿ ಸಿಗುತ್ತದೆ. ಬಣ್ಣ ಹಾಕಿ ಸೂಕ್ಷ್ಮದರ್ಶಕದ ಕೆಳಗಿಟ್ಟರೆ ದೊಡ್ಡ ಬಬೇಸಿಯಾ ಜೋಡಿ ಪೇರಲ ಹಣ್ಣಿನಂತೆಯೂ, ಸಣ್ಣದು ಉಂಗುರದಂತೆಯೂ ಕೆಂಪುಕಣದೊಳಗೆ ಕಾಣುತ್ತದೆ. ಕಂಡರೆ ರೋಗ ಖಚಿತ. ಕಾಣದಿದ್ದರೆ ರೋಗವಿಲ್ಲ ಎಂದು ಅರ್ಥವಲ್ಲ. ಸಂಖ್ಯೆ ಕಡಿಮೆಯಿದ್ದಾಗ ಕಣ್ಣಿಗೆ ಬೀಳದೆ ಹೋಗುತ್ತದೆ. ಆಗ ದೊಡ್ಡ ಪ್ರಯೋಗಾಲಯಗಳ ಪಿಸಿಆರ್ ಪರೀಕ್ಷೆ ನೆರವಿಗೆ ಬರುತ್ತದೆ.

ರೋಗ ಯಾವುದು ಎಂಬುದು ಒಂದು ಪ್ರಶ್ನೆ. ನಾಯಿ ಎಷ್ಟರಮಟ್ಟಿಗೆ ಸೋತಿದೆ, ಉಳಿಯುತ್ತದೆಯೇ, ಔಷಧ ಹಿಡಿಯುತ್ತಿದೆಯೇ ಎಂಬುದು ಇನ್ನೊಂದು ಪ್ರಶ್ನೆ. ಇದಕ್ಕೆ ಉತ್ತರ ರಕ್ತ ಪರೀಕ್ಷೆಯ ಚೀಟಿಯಲ್ಲಿರುವ ಅಂಕಿಗಳಲ್ಲಿದೆ. ಒಂದೊಂದಾಗಿ ನೋಡೋಣ.

ಹಿಮೋಗ್ಲೋಬಿನ್: ಪ್ರಾಣವಾಯುವನ್ನು ಮೈಗೆಲ್ಲ ಹೊರುವ ಕೆಂಪು ವಸ್ತು. ಆರೋಗ್ಯವಂತ ದೊಡ್ಡ ನಾಯಿಯಲ್ಲಿ 100 ಮಿಲಿ ರಕ್ತಕ್ಕೆ ಸುಮಾರು 12ರಿಂದ 18 ಗ್ರಾಂ ಇರುತ್ತದೆ.

ಪಿಸಿವಿ: ಹಾಲಿನ ಡೇರಿಯಲ್ಲಿ ಫ್ಯಾಟ್ ನೋಡಲು ಸೀಸೆಯನ್ನು ಯಂತ್ರದಲ್ಲಿಟ್ಟು ಗರಗರ ತಿರುಗಿಸುವುದನ್ನು ನೋಡಿದ್ದೀರಿ. ರಕ್ತವನ್ನೂ ಹಾಗೆ ತಿರುಗಿಸಿದರೆ ಕೆಂಪುಕಣಗಳು ತಳಕ್ಕೆ ಕೂಡುತ್ತವೆ. ನೂರು ಪಾಲು ರಕ್ತದಲ್ಲಿ ಕೆಂಪುಕಣ ಎಷ್ಟು ಪಾಲು ಎಂಬುದೇ ಪಿಸಿವಿ. ನಾಯಿಗೆ ಸುಮಾರು 37ರಿಂದ 55 ಇರಬೇಕು. 20ರ ಕೆಳಗೆ ಇಳಿದರೆ ಅಪಾಯ. 15ರ ಆಸುಪಾಸಿಗೆ ಬಂದರೆ ಬೇರೆ ನಾಯಿಯ ರಕ್ತ ಕೊಡುವ ಯೋಚನೆ ಮಾಡಬೇಕಾಗುತ್ತದೆ. ಹಿಮೋಗ್ಲೋಬಿನ್ ಅಂಕಿಯನ್ನು ಮೂರರಿಂದ ಗುಣಿಸಿದರೆ ಹೆಚ್ಚುಕಡಿಮೆ ಪಿಸಿವಿ ಬರಬೇಕು. ಎರಡಕ್ಕೂ ತಾಳೆಯೇ ಇಲ್ಲದಿದ್ದರೆ ಪರೀಕ್ಷೆಯಲ್ಲಿಯೇ ಏನೋ ತಪ್ಪಿರಬಹುದೆಂದು ತಿಳಿದು ವೈದ್ಯರನ್ನು ಕೇಳಿ.

ಪ್ಲೇಟ್‌ಲೆಟ್: ಡೆಂಗೀ ಜ್ವರ ಬಂದಾಗ ‘ಪ್ಲೇಟ್‌ಲೆಟ್ ಇಳಿದಾವ’ ಎಂಬ ಮಾತು ಈಗ ಊರೂರಿಗೆ ಪರಿಚಿತ. ಹೊಲದ ಒಡ್ಡು ಒಡೆದಾಗ ಓಡಿಹೋಗಿ ಮಣ್ಣು ಹಾಕಿ ಮುಚ್ಚುವವರಂತೆ ಇವು ರಕ್ತನಾಳದ ಸೀಳನ್ನು ಮುಚ್ಚುತ್ತವೆ. ನಾಯಿಗೆ ಒಂದು ಮೈಕ್ರೋಲೀಟರ್ ರಕ್ತದಲ್ಲಿ ಸುಮಾರು 2ರಿಂದ 5 ಲಕ್ಷ ಇರಬೇಕು. ಬಬೇಸಿಯಾ ಇರಲಿ, ಎರ್ಲಿಕಿಯಾ ಇರಲಿ, ಉಣ್ಣಿ ಜ್ವರದಲ್ಲಿ ಬಹುತೇಕ ತಪ್ಪದೆ ಇಳಿಯುವ ಅಂಕಿ ಇದೇ. ಹೊರಗೆ ಗಟ್ಟಿಯಾಗಿ ಕಾಣುವ ನಾಯಿಯಲ್ಲಿ ರೋಗದ ಸುಳಿವು ಕೊಡುವುದೂ ಹೆಚ್ಚಾಗಿ ಇದೊಂದೇ.

ಬಿಳಿಕಣ: ಮೈಯ ಕಾವಲುಗಾರರು. ನಾಯಿಗೆ ಸುಮಾರು 6 ಸಾವಿರದಿಂದ 17 ಸಾವಿರ. ಉಣ್ಣಿ ಜ್ವರದಲ್ಲಿ ಏರಲೂಬಹುದು, ಇಳಿಯಲೂಬಹುದು. ಆದರೆ ಕೆಂಪುಕಣ, ಬಿಳಿಕಣ, ಪ್ಲೇಟ್‌ಲೆಟ್ ಮೂರೂ ಒಟ್ಟಿಗೆ ಕುಸಿದಿದ್ದರೆ ಎಲುಬಿನ ಒಳಗಿನ ಮಜ್ಜೆ, ಅಂದರೆ ರಕ್ತ ತಯಾರಾಗುವ ಜಾಗವೇ, ಸೋತಿರುವ ಸಂಭವವಿದೆ. ಹಳೆಯದಾದ ಎರ್ಲಿಕಿಯಾದಲ್ಲಿ ಹೀಗಾಗುತ್ತದೆ. ಅಂಥ ನಾಯಿ ಬದುಕುವುದು ಕಷ್ಟ.

ಬಿಲಿರುಬಿನ್: ಕೆಂಪುಕಣಗಳು ಒಡೆದಾಗ ಉಳಿಯುವ ಹಳದಿ ವಸ್ತು. ಕಣಗಳು ರಾಶಿರಾಶಿಯಾಗಿ ಒಡೆದರೆ ಇದು ಏರಿ ವಸಡು, ಕಣ್ಣು ಹಳದಿಯಾಗುತ್ತವೆ.

ಯೂರಿಯಾ, ಕ್ರಿಯೇಟಿನಿನ್: ಹೊಲಕ್ಕೆ ಹಾಕುವ ಯೂರಿಯಾವನ್ನು ತಾವು ಬಲ್ಲಿರಿ. ರಕ್ತದಲ್ಲಿಯೂ ಯೂರಿಯಾ ಇರುತ್ತದೆ. ಅದು ಮೈಯ ಕಸ. ಮೂತ್ರಪಿಂಡಗಳು ಅದನ್ನು ಸೋಸಿ ಹೊರಹಾಕಬೇಕು. ಎರಡೂ ಅಂಕಿ ಏರಿದರೆ ಮೂತ್ರಪಿಂಡಕ್ಕೆ ಪೆಟ್ಟು ಬಿದ್ದಿರಬಹುದು. ಉಣ್ಣಿ ಜ್ವರದಲ್ಲಿ ಇವು ಏರಿದ ನಾಯಿಗೆ ಅಪಾಯ ಹೆಚ್ಚು.

ಅಲ್ಬುಮಿನ್ ಮತ್ತು ಸಿಆರ್‌ಪಿ: ಎರಡೂ ಯಕೃತ್ತಿನಲ್ಲಿ ತಯಾರಾಗುವ ಸಸಾರಜನಕಗಳು. ರೋಗ ಬಂದಾಗ ಅಲ್ಬುಮಿನ್ ಇಳಿಯುತ್ತದೆ, ಸಿಆರ್‌ಪಿ ಒಂದೇ ದಿನದಲ್ಲಿ ಹಲವು ಪಟ್ಟು ಏರುತ್ತದೆ. ಔಷಧ ಹಿಡಿದರೆ ಸಿಆರ್‌ಪಿ ಬೇಗನೆ ಇಳಿಯುತ್ತದೆ. ಹೊಸ ಕೆಂಪುಕಣ ತುಂಬಿಕೊಳ್ಳಲು ವಾರಗಳು ಬೇಕಾದರೂ ಚಿಕಿತ್ಸೆ ಸರಿಯಾಗಿ ನಡೆದಿದೆಯೇ ಎಂಬುದನ್ನು ಇದು ಮೊದಲೇ ತಿಳಿಸುತ್ತದೆ. ಈ ಪರೀಕ್ಷೆ ಎಲ್ಲ ಕಡೆ ಸಿಗುವುದಿಲ್ಲ. ಸಿಗದಿದ್ದರೆ ಪ್ಲೇಟ್‌ಲೆಟ್ ಏರುವುದನ್ನು ನೋಡಿಯೇ ವೈದ್ಯರು ಅಂದಾಜು ಮಾಡುತ್ತಾರೆ.

ತಿಕೋಟಾದ ಒಂದು ನಾಯಿ

ಬಬಲೇಶ್ವರದ ಆ ಘಟನೆಯಾದ ಎರಡನೆಯ ವರ್ಷ ತಿಕೋಟಾ ಭಾಗದ ಒಬ್ಬ ಯುವ ದ್ರಾಕ್ಷಿ ಬೆಳೆಗಾರರು ಬೆಳಿಗ್ಗೆಯೇ ಫೋನು ಮಾಡಿದರು. ಒಣದ್ರಾಕ್ಷಿ ಶೆಡ್ಡು ಕಾಯುವ ಅವರ ನಾಯಿ ಹಿಂದಿನ ಸಂಜೆಯಿಂದ ಮಂಕಾಗಿತ್ತು.

“ಸರ್, ನಾಯಿ ಉಚ್ಚಿ ಚಹಾದಂಗ ಆಗೇತ್ರಿ. ಏನ್ ಕೊಡ್ಲಿ?”

ಈ ಸಲ ನಾನು ಮಜ್ಜಿಗೆಯ ಮಾತೆತ್ತಲಿಲ್ಲ. “ಏನೂ ಕೊಡಬ್ಯಾಡ್ರಿ ತಮ್ಮಾ. ಗಾಡ್ಯಾಗ ಹಾಕ್ಕೊಂಡು ವಿಜಯಪುರಕ್ಕ ನಡೀರಿ, ನಾನೂ ಬರ್ತೀನಿ” ಎಂದೆ.

ಪಶುವೈದ್ಯರು ಕಿವಿಯ ರಕ್ತ ತೆಗೆದು ನೋಡಿದರು. ಕೆಂಪುಕಣಗಳಲ್ಲಿ ಬಬೇಸಿಯಾ ಕಂಡಿತು. ನನಗೂ ಸೂಕ್ಷ್ಮದರ್ಶಕದಲ್ಲಿ ತೋರಿಸಿದರು. ಚೀಟಿ ಬಂತು: ಹಿಮೋಗ್ಲೋಬಿನ್ 6.6, ಪಿಸಿವಿ 20, ಪ್ಲೇಟ್‌ಲೆಟ್ 42 ಸಾವಿರ, ಕ್ರಿಯೇಟಿನಿನ್ 1.1. ವೈದ್ಯರು ಕೊನೆಯ ಅಂಕಿಯ ಮೇಲೆ ಬೆರಳಿಟ್ಟು, “ರಕ್ತ ಅರ್ಧ ಹೋಗಿದೆ, ಆದರೆ ಮೂತ್ರಪಿಂಡ ಇನ್ನೂ ಗಟ್ಟಿ ಇದೆ. ನಾಳೆ ಬಂದಿದ್ದರೆ ಹೀಗೆ ಹೇಳುತ್ತಿದ್ದೆನೋ ಇಲ್ಲವೋ” ಎಂದರು.

ಚಿಕಿತ್ಸೆ ಶುರುವಾಯಿತು. ಐದನೆಯ ದಿನ ಮತ್ತೆ ರಕ್ತ ನೋಡಿದಾಗ ಪಿಸಿವಿ 21, ಅಂದರೆ ಹೆಚ್ಚೇನೂ ಏರಿರಲಿಲ್ಲ. ಯುವಕರ ಮುಖ ಬಾಡಿತು. ಆದರೆ ಪ್ಲೇಟ್‌ಲೆಟ್ 1 ಲಕ್ಷ 10 ಸಾವಿರಕ್ಕೆ ಏರಿತ್ತು. ಔಷಧ ಹಿಡಿದಿದೆ, ಇನ್ನು ಕೆಂಪುಕಣಕ್ಕೆ ಸಮಯ ಕೊಡಬೇಕು ಎಂದು ವೈದ್ಯರು ಧೈರ್ಯ ಹೇಳಿದರು. ಒಂದು ತಿಂಗಳಿಗೆ ಹಿಮೋಗ್ಲೋಬಿನ್ 12.6, ಪಿಸಿವಿ 38, ಪ್ಲೇಟ್‌ಲೆಟ್ 2 ಲಕ್ಷ 40 ಸಾವಿರ. ಆ ಮೇಲೆ ನಾನು ಶೆಡ್ಡಿಗೆ ಹೋದಾಗ ಅದು ನನ್ನನ್ನು ಒಳಗೆ ಬಿಡದೆ ಬೊಗಳಿತು. ಆ ಬೊಗಳು ಕೇಳಿ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಎರಡೂ ನಾಯಿಗಳನ್ನು ನಾನು ನೋಡಿದಾಗ ರೋಗ ಹೊರಗೆ ಕಂಡು ಒಂದು ದಿನವಷ್ಟೇ ಆಗಿತ್ತು. ಒಂದಕ್ಕೆ ಮಜ್ಜಿಗೆ ಸಿಕ್ಕಿತು, ಇನ್ನೊಂದಕ್ಕೆ ರಕ್ತ ಪರೀಕ್ಷೆ ಸಿಕ್ಕಿತು. ಕುರಿಗಾರರ ನಾಯಿಗೆ ಇದೇ ರೋಗವಿತ್ತೇ ಎಂದು ಈಗ ಯಾರೂ ಹೇಳಲಾರರು. ಅದರ ರಕ್ತ ನೋಡಿದವರೇ ಇಲ್ಲವಲ್ಲ!

ಚೀಟಿ ಓದುವಾಗ ಎಚ್ಚರ

ಕೆಲವರು ನಾಯಿಯ ರಕ್ತವನ್ನು ಮನುಷ್ಯರ ಪ್ರಯೋಗಾಲಯಕ್ಕೆ ಒಯ್ಯುತ್ತಾರೆ. ಬೇರೆ ದಾರಿ ಇಲ್ಲದಾಗ ಅದೂ ಆಗಬಹುದು. ಆದರೆ ಚೀಟಿಯ ಪಕ್ಕದಲ್ಲಿ ‘ಇಷ್ಟಿರಬೇಕು’ ಎಂದು ಅಚ್ಚಾಗಿರುವ ಅಂಕಿಗಳು ಮನುಷ್ಯರವು. ಮನುಷ್ಯನಿಗೆ ಬಿಳಿಕಣ 15 ಸಾವಿರವಿದ್ದರೆ ಹೆಚ್ಚು. ನಾಯಿಗೆ ಅದು ಸಹಜ. ಮನುಷ್ಯನಿಗೆ ಪ್ಲೇಟ್‌ಲೆಟ್ ಒಂದೂವರೆ ಲಕ್ಷ ಸಾಕು. ನಾಯಿಗೆ ಅದು ಕಡಿಮೆ. ಯಂತ್ರ ಮನುಷ್ಯರ ಕಣಗಳ ಅಳತೆಗೆ ಹೊಂದಿಸಿದ್ದಾಗಿದ್ದರೆ ಎಣಿಕೆಯೂ ತಪ್ಪಬಹುದು. ಆದ್ದರಿಂದ ಚೀಟಿಯನ್ನು ತಾವೇ ಓದಿ ತೀರ್ಮಾನಿಸದೆ ಪಶುವೈದ್ಯರ ಕೈಗೆ ಕೊಡಿ.

ರಕ್ತವನ್ನು ನೇರಳೆ ಮುಚ್ಚಳದ ಸೀಸೆಯಲ್ಲಿ ಹಾಕಿಕೊಡುತ್ತಾರೆ. ಅದರೊಳಗೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧ ಇರುತ್ತದೆ. ಹಾಕಿದ ಕೂಡಲೇ ಸೀಸೆಯನ್ನು ಎಂಟು ಹತ್ತು ಸಲ ಮೆಲ್ಲಗೆ ಮೇಲೆ ಕೆಳಗೆ ಮಾಡಬೇಕು, ಜೋರಾಗಿ ಕುಲುಕಬಾರದು. ಬಿಸಿಲಿನಲ್ಲಿ ಮೋಟರ್‌ಸೈಕಲ್ಲಿನ ಡಬ್ಬಿಯಲ್ಲಿಟ್ಟು ತಿರುಗಿಸಬೇಡಿ. ತಂಪಾಗಿಡಿ, ಆದರೆ ಬರ್ಫಕ್ಕೆ ನೇರವಾಗಿ ತಾಗಿಸಬೇಡಿ. ಅದೇ ದಿನ ಮುಟ್ಟಿಸಿ. ಹೆಪ್ಪುಗಟ್ಟಿದ ರಕ್ತದಲ್ಲಿ ಪ್ಲೇಟ್‌ಲೆಟ್ ಸುಳ್ಳೇ ಕಡಿಮೆ ತೋರಿಸುತ್ತದೆ.

ಮುಧೋಳ ನಾಯಿ ಸಾಕಿದವರಿಗೆ ಇನ್ನೊಂದು ಮಾತು. ಮುಧೋಳ ಈಗ ಬಾಗಲಕೋಟೆ ಜಿಲ್ಲೆಗೆ ಸೇರಿದ್ದರೂ 1997ರವರೆಗೆ ನಮ್ಮ ಜಿಲ್ಲೆಯಲ್ಲಿಯೇ ಇತ್ತು. ಅಂಚೆ ಇಲಾಖೆ 2005ರಲ್ಲಿ ಈ ತಳಿಯ ಚಿತ್ರವಿರುವ ಅಂಚೆಚೀಟಿ ಹೊರಡಿಸಿತು. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರವಿದೆ. ಇದೇ ಬಗೆಯ ಮೈಕಟ್ಟಿನ ಗ್ರೇಹೌಂಡ್ ಓಟದ ನಾಯಿಗಳಲ್ಲಿ ಆರೋಗ್ಯವಿದ್ದಾಗಲೇ ಪಿಸಿವಿ ಬೇರೆ ನಾಯಿಗಳಿಗಿಂತ ಹೆಚ್ಚು, ಪ್ಲೇಟ್‌ಲೆಟ್ ಕಡಿಮೆ ಇರುತ್ತದೆ. ಅಂಥ ನಾಯಿಗೆ ಪಿಸಿವಿ 40 ಬಂದರೆ ಚೀಟಿಯ ಪ್ರಕಾರ ಸರಿ, ನಿಜದಲ್ಲಿ ಅದು ಇಳಿದಿರಬಹುದು. ಆದುದರಿಂದ ಬೇಟೆನಾಯಿ ಒಯ್ದಾಗ ತಳಿಯ ಹೆಸರನ್ನು ವೈದ್ಯರಿಗೆ ತಪ್ಪದೆ ಹೇಳಿ. ನಾಯಿ ಆರೋಗ್ಯವಾಗಿರುವಾಗಲೇ ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ ಚೀಟಿ ಇಟ್ಟುಕೊಂಡರೆ ಮುಂದೆ ತಾಳೆ ನೋಡಲು ಬಹಳ ಉಪಯೋಗ.

ಮಾಡಬಾರದ ಕೆಲಸಗಳು

1. ಮನುಷ್ಯರ ಜ್ವರ, ಮೈಕೈ ನೋವಿನ ಮಾತ್ರೆ ಕೊಡಬೇಡಿ. ಡೈಕ್ಲೋಫೆನಾಕ್, ಐಬುಪ್ರೊಫೆನ್ ನಾಯಿಯ ಜಠರವನ್ನು ಹುಣ್ಣಾಗಿಸಿ ಮೂತ್ರಪಿಂಡ ಕೆಡಿಸುತ್ತವೆ. ಪ್ಯಾರಾಸಿಟಮಾಲ್ ಹೆಚ್ಚಾದರೆ ಯಕೃತ್ತಿಗೂ ಕೆಂಪುಕಣಕ್ಕೂ ಹಾನಿ.

2. ದನಗಳಿಗೆ ತಂದು ಉಳಿದ ಇಂಜೆಕ್ಷನ್ ಚುಚ್ಚಬೇಡಿ. ಬಬೇಸಿಯಾಕ್ಕೆ ಬಳಸುವ ಡಿಮಿನಾಜಿನ್ ಔಷಧ ನಾಯಿಗೆ ತೂಕಕ್ಕಿಂತ ಸ್ವಲ್ಪ ಹೆಚ್ಚಾದರೂ ಮಿದುಳಿಗೆ ಪೆಟ್ಟು ಕೊಡುತ್ತದೆ. ಸಣ್ಣ ಬಬೇಸಿಯಾಕ್ಕೆ ಅದು ಸಾಲದು, ಬೇರೆ ಔಷಧಗಳ ಜೋಡಣೆ ಬೇಕು. ಎರ್ಲಿಕಿಯಾಕ್ಕೆ ಅದು ನಡೆಯುವುದೇ ಇಲ್ಲ. ಅದಕ್ಕೆ ಡಾಕ್ಸಿಸೈಕ್ಲಿನ್ ಮಾತ್ರೆಯನ್ನು ಸುಮಾರು ನಾಲ್ಕು ವಾರ ಕೊಡಬೇಕಾಗುತ್ತದೆ. ಯಾವ ಔಷಧ, ಎಷ್ಟು ಎಂಬುದನ್ನು ವೈದ್ಯರೇ ಹೇಳಬೇಕು. ನಾಯಿ ಗೆಲುವಾಯಿತೆಂದು ನಡುವೆ ನಿಲ್ಲಿಸಬಾರದು.

3. ದ್ರಾಕ್ಷಿಗೆ, ಹತ್ತಿಗೆ ಹೊಡೆಯುವ ಕೀಟನಾಶಕವನ್ನು ಉಣ್ಣಿ ಸಾಯಲಿ ಎಂದು ನಾಯಿಯ ಮೈಗೆ ಸುರಿಯಬೇಡಿ. ನಾಯಿ ಮೈ ನೆಕ್ಕಿಕೊಂಡು ವಿಷವೇರಿ ಸಾಯುತ್ತದೆ. ಹಚ್ಚಿದವರಿಗೂ ಅಪಾಯ.

4. ನಾಯಿಗೆ ಉಳ್ಳಾಗಡ್ಡಿ, ಬಳ್ಳೊಳ್ಳಿ ಹಾಕಿದ ಪಲ್ಯ ಹಾಕಬೇಡಿ. ಇವು ನಾಯಿಯ ಕೆಂಪುಕಣಗಳನ್ನು ಒಡೆಯುತ್ತವೆ. ಮೊದಲೇ ರಕ್ತ ಕಳೆದುಕೊಂಡ ನಾಯಿಗೆ ಇದು ಗಾಯದ ಮೇಲೆ ಬರೆ.

5. ದ್ರಾಕ್ಷಿ ಬೆಳೆಗಾರರು ಮುಖ್ಯವಾಗಿ ಗಮನಿಸಿ: ದ್ರಾಕ್ಷಿ, ಒಣದ್ರಾಕ್ಷಿ ನಾಯಿಯ ಮೂತ್ರಪಿಂಡಕ್ಕೆ ವಿಷ. ಎಲ್ಲ ನಾಯಿಗೂ ಒಂದೇ ಪ್ರಮಾಣದಲ್ಲಿ ತಾಗುವುದಿಲ್ಲ. ಆದರೆ ತಾಗಿದ ನಾಯಿಗೆ ಎರಡು ಮೂರು ದಿನದಲ್ಲಿ ಮೂತ್ರವೇ ನಿಂತು ಹೋಗಬಹುದು. ಶೆಡ್ಡಿನ ನಾಯಿ ಕಾಯಿಲೆ ಬಿದ್ದಾಗ ಒಣದ್ರಾಕ್ಷಿ ತಿಂದಿತ್ತೇ ಎಂಬುದನ್ನು ವೈದ್ಯರಿಗೆ ತಿಳಿಸಬೇಕು. ಇಲ್ಲದಿದ್ದರೆ ಏರಿದ ಕ್ರಿಯೇಟಿನಿನ್‌ಗೆ ಕಾರಣ ಉಣ್ಣಿಯೋ ದ್ರಾಕ್ಷಿಯೋ ತಿಳಿಯದು.

ಉಣ್ಣಿಯ ಹತೋಟಿ

ನಾಯಿಯ ಕಂದು ಉಣ್ಣಿ ಬರೀ ನಾಯಿಯ ಮೈಮೇಲೆ ಇರುವುದಿಲ್ಲ. ಮರಿ, ಹರೆಯ, ಮುಪ್ಪು ಮೂರು ಹಂತಗಳಲ್ಲಿಯೂ ಹೊಟ್ಟೆ ತುಂಬಿದ ಮೇಲೆ ಕೆಳಗೆ ಉದುರಿ ಗೋಡೆಯ ಬಿರುಕು, ಕಲ್ಲಿನ ಸಂದಿಗಳಲ್ಲಿ ಅಡಗುತ್ತದೆ. ಒಂದು ಹೆಣ್ಣು ಉಣ್ಣಿ ಸಾವಿರಾರು ತತ್ತಿ ಇಡುತ್ತದೆ. ದೊಡ್ಡ ಉಣ್ಣಿ ಆಹಾರವಿಲ್ಲದೆ ತಿಂಗಳುಗಟ್ಟಲೆ ಬದುಕಬಲ್ಲದು. ನಮ್ಮ ಕಡೆಯ ಕಲ್ಲುಮಣ್ಣಿನ ಗೋಡೆ, ಮಾಳಿಗೆ ಮನೆ, ದನದ ಕೊಟ್ಟಿಗೆ ಇದಕ್ಕೆ ಹೇಳಿ ಮಾಡಿಸಿದ ಜಾಗ. ಆದ್ದರಿಂದ ನಾಯಿಗೆ ಔಷಧ ಹಚ್ಚಿ ಗೋಡೆ ಬಿಟ್ಟರೆ ಅರ್ಧ ಕೆಲಸ ಮಾಡಿದಂತೆ.

ನಾಯಿ ಮಲಗುವ ಜಾಗದ ಬಿರುಕುಗಳನ್ನು ಮಣ್ಣು, ಸಿಮೆಂಟು ಹಾಕಿ ಮುಚ್ಚಿ. ಸುಣ್ಣ ಬಳಿಯಿರಿ. ಹಳೆಯ ಗೋಣಿತಾಟು ಇದ್ದರೆ ಸುಟ್ಟುಹಾಕಿ. ಅಂಗಳದಲ್ಲಿ ನಾಟಿ ಕೋಳಿ ಬಿಟ್ಟರೆ ಉದುರಿದ ಉಣ್ಣಿಗಳನ್ನು ಹೆಕ್ಕಿ ತಿನ್ನುತ್ತವೆ.

ದಿನಕ್ಕೊಮ್ಮೆ ನಾಯಿಯ ಕಿವಿಯೊಳಗೆ, ಕೊರಳ ಪಟ್ಟಿಯ ಕೆಳಗೆ, ಬೆರಳ ಸಂದಿಯಲ್ಲಿ, ಬಾಲದ ಬುಡದಲ್ಲಿ ತಡವಿ ನೋಡಿ. ಬಬೇಸಿಯಾ ದಾಟಲು ಉಣ್ಣಿ ಒಂದೆರಡು ದಿನ ಕಚ್ಚಿಕೊಂಡಿರಬೇಕು. ಅದರೊಳಗೆ ಕಿತ್ತರೆ ರೋಗ ತಪ್ಪುವ ಸಂಭವ ಹೆಚ್ಚು. ಎರ್ಲಿಕಿಯಾ ಕೆಲವೇ ತಾಸುಗಳಲ್ಲಿ ದಾಟುವುದರಿಂದ ಕೀಳುವುದೊಂದನ್ನೇ ನಂಬಿ ಕೂಡುವಂತಿಲ್ಲ. ಚಿಮಟದಿಂದ ಚರ್ಮಕ್ಕೆ ಹತ್ತಿರ ಹಿಡಿದು ನೆಟ್ಟಗೆ ಎಳೆಯಿರಿ. ಉಗುರಿನಿಂದ ಒತ್ತಿ ಒಡೆಯಬೇಡಿ, ಬೆಂಕಿ ಹಚ್ಚಬೇಡಿ. ಕಿತ್ತದ್ದನ್ನು ಸೀಮೆಎಣ್ಣೆ ಇಲ್ಲವೆ ಸಾಬೂನು ನೀರಿಗೆ ಹಾಕಿ, ಕೈ ತೊಳೆದುಕೊಳ್ಳಿ.

ಬೆನ್ನಿಗೆ ಹಾಕುವ ಹನಿ ಔಷಧ, ಕೊರಳ ಪಟ್ಟಿ, ಬಾಯಿಗೆ ಕೊಡುವ ಮಾತ್ರೆ, ಮೈ ತೊಳೆಯುವ ಔಷಧ ಎಲ್ಲವೂ ಈಗ ಸಿಗುತ್ತವೆ. ತಮ್ಮ ನಾಯಿಯ ವಯಸ್ಸು, ತೂಕ ನೋಡಿ ಯಾವುದು ಸೂಕ್ತ ಎಂದು ವೈದ್ಯರಲ್ಲಿ ಕೇಳಿ. ನಾಯಿಗಳ ಕಚ್ಚಾಟದಲ್ಲಿ ರಕ್ತ ಸೇರಿಯೂ ಸಣ್ಣ ಬಬೇಸಿಯಾ ಹರಡುತ್ತದೆಂಬುದನ್ನು ಮರೆಯಬಾರದು. ಗುಣವಾದ ನಾಯಿಯ ರಕ್ತದಲ್ಲಿ ಅದು ಅಡಗಿ ಉಳಿದಿರಬಹುದು. ಅಂಥ ನಾಯಿ ಮತ್ತೆ ಮಂಕಾದರೆ ತಡ ಮಾಡದೆ ತೋರಿಸಬೇಕು.

ದನಕರುಗಳಿಗೆ ಹತ್ತುವುದೇ?

ಬಹಳ ಜನ ಕೇಳುವ ಪ್ರಶ್ನೆ ಇದು. ನಾಯಿಯ ಬಬೇಸಿಯಾ ಬೇರೆ, ದನಗಳದ್ದು ಬೇರೆ. ಒಂದರದು ಇನ್ನೊಂದಕ್ಕೆ ಹತ್ತುವುದಿಲ್ಲ. ದನಗಳ ಉಣ್ಣಿಯ ಜಾತಿಯೂ ಬೇರೆ. ಆದರೆ ಪಾಠ ಒಂದೇ. ಎಚ್.ಎಫ್., ಜೆರ್ಸಿ ಮಿಶ್ರತಳಿ ಆಕಳುಗಳಿಗೆ ಉಣ್ಣಿಯಿಂದ ಥೈಲೇರಿಯಾ ಜ್ವರ, ಕೆಂಪು ಮೂತ್ರದ ಬೇನೆ ಬರುತ್ತವೆ. ಅಲ್ಲಿಯೂ ಕಿವಿತುದಿಯ ಒಂದು ಹನಿ ರಕ್ತವೇ ಮೊದಲ ಸಾಕ್ಷಿ. ನಾಯಿಗೆ ರಕ್ತ ತೋರಿಸುವ ರೂಢಿ ಬಂದ ಮನೆಯಲ್ಲಿ ಆಕಳೂ ಉಳಿಯುತ್ತದೆ.

ಕೊನೆಯ ಮಾತು

ಇಂದು ಸಂಜೆ ಮನೆಗೆ ಹೋದ ಮೇಲೆ ತಮ್ಮ ನಾಯಿಯ ತುಟಿ ಎತ್ತಿ ವಸಡಿನ ಬಣ್ಣ ನೋಡಿ. ಗುಲಾಬಿಯಾಗಿದ್ದರೆ ಆ ಬಣ್ಣ ನೆನಪಿನಲ್ಲಿರಲಿ. ಮುಂದೆ ಬಿಳುಚಿದ ದಿನ ತಮಗೇ ಗೊತ್ತಾಗುತ್ತದೆ. ನಾಯಿ ಒಂದು ದಿನ ಅನ್ನ ಬಿಟ್ಟು ಮಂಕಾದರೆ ಹತ್ತಿರದ ಪಶುಚಿಕಿತ್ಸಾಲಯಕ್ಕೆ ಒಯ್ದು, “ಉಣ್ಣಿ ಇದ್ದವು, ರಕ್ತ ನೋಡಿರಿ” ಎಂದು ತಾವೇ ಕೇಳಿ. ಎಂದಿನಿಂದ ಅನ್ನ ಬಿಟ್ಟಿದೆ, ಮೂತ್ರದ ಬಣ್ಣ ಏನು, ಏನು ತಿಂದಿತ್ತು, ಯಾವ ಔಷಧ ಕೊಟ್ಟಿದ್ದೀರಿ ಎಂಬ ನಾಲ್ಕು ಮಾತು ಬರೆದುಕೊಂಡು ಹೋದರೆ ವೈದ್ಯರ ಅರ್ಧ ಕೆಲಸ ಹಗುರವಾಗುತ್ತದೆ.

ಆ ಕುರಿಗಾರ ಹಿರಿಯರು ಈಗ ಹೊಸ ನಾಯಿ ಸಾಕಿದ್ದಾರೆ. ಹೋದ ಬೇಸಿಗೆಯಲ್ಲಿ ಅದನ್ನು ಹೆಗಲ ಮೇಲೆ ಹೊತ್ತುಕೊಂಡು ಬಬಲೇಶ್ವರದ ದವಾಖಾನೆಗೆ ಬಂದಿದ್ದರಂತೆ. ರಕ್ತ ನೋಡಿದಾಗ ಏನೂ ಇರಲಿಲ್ಲ, ಬಿಸಿಲಿನ ದಣಿವಷ್ಟೇ. ಮಜ್ಜಿಗೆ ಕುಡಿಸಿದರೆ ಸಾಕು ಎಂದರಂತೆ ವೈದ್ಯರು. ಅದನ್ನು ನನಗೆ ಹೇಳುವಾಗ ಹಿರಿಯರು ನಕ್ಕರು. ಮಜ್ಜಿಗೆಯೇ ಮದ್ದು ಎಂಬುದು ಈ ಸಲ ರಕ್ತ ನೋಡಿದ ಮೇಲೆ ತಿಳಿದಿತ್ತು.